ಎರಡು ಗರಿಯ ಬಾಣ

ಫೆಬ್ರುವರಿ 3

ಕೇಂದ್ರ ಆಸ್ಪತ್ರೆಯ ಜಾಲ ಭದ್ರತಾ ವಿಭಾಗದ ಹಿರಿಯ ಎಂಜಿನಿಯರ್ ಅವರಿಗೆ,

ನಾನು ನಿಮ್ಮ ಶಾಖಾ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಿಮ್ಮ ಮಗಳೂ ಹೌದು. ಆದರೆ ಈ ಪತ್ರ ಬರೆಯುತ್ತಿರುವುದು ಮಗಳಲ್ಲ.

ಕಳೆದ ತಿಂಗಳ ಕೊನೆಯಲ್ಲಿ ಇಲ್ಲಿಯ ವಾರ್ಡಿನಲ್ಲಿದ್ದ ಬಡಗಿಯೊಬ್ಬನ ರಕ್ತ ನನ್ನ ಮೇಜಿಗೆ ಬಂತು. ಮೂತ್ರಪಿಂಡ ಕೆಟ್ಟವನು. ಪೊಟ್ಯಾಸಿಯಂ ಎಷ್ಟು ಏರಿತ್ತೆಂದರೆ ಎದೆ ಯಾವ ಕ್ಷಣದಲ್ಲಾದರೂ ನಿಲ್ಲಬಹುದಿತ್ತು. ಮತ್ತೊಮ್ಮೆ ಪರೀಕ್ಷಿಸಿದೆ, ಅಷ್ಟೇ ಬಂತು. ವರದಿ ಕಳುಹಿಸಿದೆ. ಪರದೆ ‘ಕಳುಹಿಸಲಾಗಿದೆ’ ಎಂದಿತು. ವಾರ್ಡಿಗೆ ಫೋನ್ ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ವರದಿ ಹೋಗಿದೆಯಲ್ಲ ಎಂದು ಮುಂದಿನ ಕೆಲಸ ಕೈಗೆತ್ತಿಕೊಂಡೆ.

ವಾರ್ಡಿನ ಪರದೆಗೆ ಆ ವರದಿ ಬರಲೇ ಇಲ್ಲ. ಬಡಗಿಯ ಎದೆ ನಿಂತಿತು. ನರ್ಸುಗಳು ಎದೆ ಒತ್ತಿ ಒತ್ತಿ ವಾಪಸು ತಂದರು. ಆತ ಇನ್ನೂ ತೀವ್ರ ನಿಗಾ ಘಟಕದಲ್ಲಿದ್ದಾನೆ. ಹೆಂಡತಿ ಹೊರಗಿನ ಬೆಂಚಿನ ಮೇಲೆ ಅವನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಲ್ಯಾಬ್ ವರದಿ ಕಳುಹಿಸಲೇ ಇಲ್ಲ ಎಂಬುದು ವಾರ್ಡಿನ ಮಾತು. ನನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಮುಂದಿನ ತಿಂಗಳು ತನಿಖಾ ಸಮಿತಿ ತೀರ್ಮಾನ ಹೇಳುತ್ತದೆ. ತಪ್ಪು ನನ್ನದೆಂದಾದರೆ ಇನ್ನು ಯಾವ ಲ್ಯಾಬೂ ನನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ನಮ್ಮ ವರದಿಗಳು ಕೇಂದ್ರದ ದಾಖಲೆ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ವಾರ್ಡಿಗೆ ಬರುತ್ತವೆ. ನಡುದಾರಿಯಲ್ಲಿ ನಿಮ್ಮ ಯಂತ್ರ ಕೂತಿದೆ, ಬೇಡವಾದದ್ದನ್ನು ತಡೆಯುತ್ತದೆ ಎಂದು ಇಲ್ಲಿಯ ಕಂಪ್ಯೂಟರಿನವರು ಹೇಳಿದರು. ನನ್ನ ಪ್ರಶ್ನೆ ಒಂದೇ. ಆ ವರದಿಯನ್ನು ನೀವು ತಡೆದಿರಾ?

ಇಮೇಲ್ ಮಾಡಿದರೆ ಅದೂ ನಿಮ್ಮ ಯಂತ್ರದ ಕಣ್ಣೆದುರೇ ಹಾಯಬೇಕು. ಫೋನಿನಲ್ಲಿ ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಆದ್ದರಿಂದ ಅಂಚೆ.

ಲ್ಯಾಬ್ ತಂತ್ರಜ್ಞೆ, ಶಾಖಾ ಆಸ್ಪತ್ರೆ


ಫೆಬ್ರುವರಿ 8

ತಂತ್ರಜ್ಞೆ ಮೇಡಂ ಅವರಿಗೆ,

ಹೆತ್ತ ತಾಯಿಗೆ ‘ನೀವು’. ಭಲೇ. ಇನ್ನೊಂದು ವರ್ಷ ಬಿಟ್ಟರೆ ‘ತಾವು’ ಎನ್ನುತ್ತೀಯ, ಆಮೇಲೆ ‘ಸದರಿಯವರು’. ಕವರಿನ ಮೇಲೆ ನಿನ್ನ ಅಕ್ಷರ ಕಂಡು ನಿಂತಲ್ಲೇ ಒಡೆದೆ, ಒಳಗಡೆ ನೋಡಿದರೆ ನೋಟಿಸು. ನಮ್ಮ ಕೋಣೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಕೇಳಿದಳು, “ಮೇಡಂ, ಈಗ್ಲೂ ಅಂಚೇಲಿ ಕಂಪ್ಲೇಂಟ್ ಬರುತ್ತಾ?” ಹೂಂ, ಮನೆಯವರದ್ದಾದರೆ ಬರುತ್ತೆ ಎಂದೆ.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ.

ಕಂಪ್ಯೂಟರಿನವರ ಅರೆಬರೆ ಮಾತು ಕೇಳಿಕೊಂಡು ನನ್ನ ಮೇಲೆ ಬಿದ್ದಿದ್ದೀಯ, ಸರಿಯಾಗಿ ತಿಳಿದುಕೋ. ನನ್ನ ಯಂತ್ರದೊಳಗೆ ಬೇರೆ ಬೇರೆ ಎಂಜಿನ್‌ಗಳಿವೆ. ಒಂದು, ಬರುವ ಒಂದೊಂದೇ ತುಣುಕನ್ನು ಬಿಡಿಯಾಗಿ ನೋಡುತ್ತದೆ. ಇನ್ನೊಂದು, ಹಿಂಡುಹಿಂಡಾಗಿ ನುಗ್ಗಿದರೆ ಎಣಿಸುತ್ತದೆ. ಮತ್ತೊಂದು, ಹರಿದು ಬರುವ ಅಕ್ಷರಗಳನ್ನು ಸಾಲಾಗಿ ಓದುತ್ತದೆ. ಕಳ್ಳನ ಗುರುತು ಹೀಗಿರುತ್ತದೆ ಎಂದು ಪ್ರತಿ ಎಂಜಿನ್‌ಗೂ ನಾವು ಹೇಳಿಕೊಡಬೇಕು. ಆ ಗುರುತಿಗೇ ಸಿಗ್ನೇಚರ್ ಎನ್ನುತ್ತೇವೆ. ಯಾವ ಬಾಗಿಲು ಕಾಯಬೇಕು, ಸಿಕ್ಕಿದರೆ ಏನು ಮಾಡಬೇಕು, ಎಲ್ಲವನ್ನೂ ನಾನೇ ಕೂತು ತುಂಬಿದ್ದೇನೆ. ನಾಯಿಯ ಹಾಗೆ ಕಂಡಕಂಡವರನ್ನು ಕಚ್ಚುವ ಯಂತ್ರ ಅಲ್ಲ ಅದು. ನೀನು ಹೇಳಿದ ತಿಂಗಳ ಕೊನೆಯ ದಿನಗಳ ದಾಖಲೆ ಪೂರ್ತಿ ಜಾಲಾಡಿದೆ. ನಿನ್ನ ಲ್ಯಾಬಿನ ಹೆಸರು ಒಂದು ಸಾಲಿನಲ್ಲೂ ಇಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಂಗೇಜ್ ಇದ್ದರೆ ಮೂರನೆಯ ಸಲ ಮಾಡಬೇಕಿತ್ತು, ಎದ್ದು ಓಡಬೇಕಿತ್ತು. ನಿನ್ನ ಕಾಲಿಗೇನಾಗಿತ್ತು?

ಊಟ ಸರಿಯಾಗಿ ಮಾಡುತ್ತಿದ್ದೀಯಾ, ದುಡಿಮೆಯಿಲ್ಲದೆ ಬಾಡಿಗೆ ಹೇಗೆ ಕಟ್ಟುತ್ತೀಯ ಎಂದು ನಾನು ಕೇಳುತ್ತಿಲ್ಲ. ಕೇಳುವುದಕ್ಕೆ ನಾನ್ಯಾರು, ಹಿರಿಯ ಎಂಜಿನಿಯರ್.

ಇಷ್ಟವಿದ್ದರೂ ಇಲ್ಲದಿದ್ದರೂ ನಿನ್ನ ಅಮ್ಮ


ಫೆಬ್ರುವರಿ 14

ಅಮ್ಮ,

‘ನೀವು’ ಬೇಡ ತಾನೆ? ತಗೋ ಹಾಗಾದರೆ, ಮಗಳಾಗಿಯೇ ಬರೆಯುತ್ತೇನೆ.

‘ನನ್ನ ದಾಖಲೆಯಲ್ಲಿ ಇಲ್ಲ, ಆದ್ದರಿಂದ ನಡೆದೇ ಇಲ್ಲ.’ ಇದು ನಿನ್ನ ಹಳೆಯ ರಾಗ. ತಡೆಯುವುದು, ತಡೆದದ್ದನ್ನು ಯಾರಿಗೂ ಹೇಳದಿರುವುದು ಆಸ್ಪತ್ರೆಯವರು ನಿನಗೆ ಕಲಿಸಿದ ವಿದ್ಯೆಯಲ್ಲ. ಕಾಲೇಜಿನ ದಿನಗಳಲ್ಲಿ ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ನಾನು ಒಳಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದೆ. “ಯಾರಮ್ಮಾ?” ಎಂದರೆ ನೀನು “ರಾಂಗ್ ನಂಬರ್” ಎನ್ನುತ್ತಿದ್ದೆ. ನಾನು ನಂಬುತ್ತಿದ್ದೆ. ಒಂದೇ ಮನೆಗೆ ಅಷ್ಟೊಂದು ರಾಂಗ್ ನಂಬರ್ ಬರುತ್ತದೆಯೇ ಎಂದು ಯೋಚಿಸುವ ಬುದ್ಧಿಯೂ ಇರಲಿಲ್ಲ ನನಗೆ.

ನಮ್ಮನ್ನು ಬಿಟ್ಟು ಹೋಗಿದ್ದ ಅಪ್ಪ ಸತ್ತು ಎಷ್ಟೋ ವರ್ಷಗಳಾದ ಮೇಲೆ ಸೋದರತ್ತೆಯ ಬಾಯಿಂದ ಗೊತ್ತಾಯಿತು. “ನಿನಗೆ ಎಷ್ಟು ಸಲ ಫೋನ್ ಮಾಡ್ದ ಅವ್ನು! ಪ್ರತಿ ಸಲಾನೂ ನಿಮ್ಮಮ್ಮ ‘ಹೇಳ್ತೀನಿ’ ಅಂತಿದ್ಳಂತೆ. ನೀನು ಒಂದ್ಸಲಾನೂ ವಾಪಸ್ ಮಾಡ್ಲಿಲ್ಲ. ನಿನ್ ಕಲ್ಲೆದೆ ಕಣೇ ಅಂತ ನಾನೇ ಬೈಕೊಂಡಿದ್ದೆ.” ಹೇಳುತ್ತೇನೆ ಎಂದೆಯಂತೆ! ಅಪ್ಪನ ಪರದೆಯ ಮೇಲೆ ‘ಕಳುಹಿಸಲಾಗಿದೆ’ ಎಂದು ತೋರಿಸಿದೆ. ಎಲ್ಲ ನನಗೆ ಮುಟ್ಟಿದೆ, ನಾನೇ ಉತ್ತರ ಕೊಡುತ್ತಿಲ್ಲ ಎಂದುಕೊಂಡೇ ಅವನು ಸತ್ತ. ತನಿಖೆಗೆಂದು ಆಸ್ಪತ್ರೆಗೆ ಕರೆಸಿದಾಗ ಬಡಗಿಯ ಹೆಂಡತಿಯ ಎದುರು ಹಾದುಹೋಗುವಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಅವಳೂ ಹಾಗೆಯೇ ನೋಡುತ್ತಾಳೆ, ನಾನು ಬೇಕೆಂದೇ ಸುಮ್ಮನಿದ್ದೆ ಎಂಬಂತೆ.

ನನ್ನ ಕಾಲಿಗೇನೂ ಆಗಿಲ್ಲ. ಓಡಬೇಕಿತ್ತು, ಒಪ್ಪುತ್ತೇನೆ. ನೀನು ಒಂದಾದರೂ ಒಪ್ಪು ನೋಡೋಣ.

ಆ ವರದಿಯನ್ನು ಕಳುಹಿಸುವ ಮೊದಲು ಹೇಗಿತ್ತೋ ಹಾಗೆಯೇ ಅಚ್ಚು ಹಾಕಿ ಇದರ ಜೊತೆಗೆ ಇಟ್ಟಿದ್ದೇನೆ. ಷರಾದ ಜಾಗದಲ್ಲಿ ಒಂದು ಬಾಣ ಕಾಣುತ್ತದೆ, ''--> ಹೀಗೆ. ನಮ್ಮ ಲ್ಯಾಬಿನ ಪ್ರೋಗ್ರಾಂನಲ್ಲಿ ಕೆಂಪು ಬಣ್ಣವಿಲ್ಲ. ಸಾಯುವವನ ಅಂಕಿಯೂ ನೆಗಡಿಯವನ ಅಂಕಿಯೂ ಒಂದೇ ಥರ ಕಾಣುತ್ತವೆ. ಅದಕ್ಕೇ ಅಪಾಯದ ಅಂಕಿಗೆ ಮಾತ್ರ ನಾನು ಬಾಣ ಹಾಕುವುದನ್ನು ರೂಢಿಗೆ ತಂದೆ. ಹೊಸ ವರ್ಷದಿಂದ ಎಲ್ಲರೂ ಹಾಕುತ್ತಿದ್ದಾರೆ. ನೆಲ ಡೊಂಕೋ ಅಲ್ಲವೋ, ಬಗ್ಗಿ ನೋಡು.

ಮಗಳು


ಮಾರ್ಚ್ 2

ಮಗಳೇ,

ನೆಲ ಡೊಂಕಿತ್ತು.

ನಿನ್ನ ಹಾಳೆ ನೋಡಿದ ಕೂಡಲೇ ಪರೀಕ್ಷೆಯ ಮೇಜಿನ ಮೇಲೆ ಯಂತ್ರಕ್ಕೆ ಎರಡು ವರದಿ ಕಳುಹಿಸಿದೆ, ಬಾಣವಿಲ್ಲದ್ದು ಒಂದು, ಬಾಣ ಇರುವುದು ಒಂದು. ಮೊದಲನೆಯದು ದಾಟಿತು. ಎರಡನೆಯದು ದಾಟಲಿಲ್ಲ. ಗಂಟೆ ಹೊಡೆಯಲಿಲ್ಲ, ದೀಪ ಹತ್ತಲಿಲ್ಲ, ದಾಖಲೆಯಲ್ಲಿ ಒಂದಕ್ಷರ ಬೀಳಲಿಲ್ಲ. ನಮ್ಮ ಕೋಣೆಯ ಹುಡುಗಿ, “ಮೇಡಂ, ಕಳಿಸಿದ್ರಾ?” ಎಂದು ಕೇಳಿದಳು.

ಹೋದ ವರ್ಷದ ಕೊನೆಯಲ್ಲಿ ಯಾರೋ ಹೊರಗಿನ ಕಳ್ಳರು ದಾಖಲೆ ಕಂಪ್ಯೂಟರಿಗೆ ಕೈಹಾಕಿದ್ದರು. ವೈದ್ಯರ ಭೇಟಿಗೆ ಸಮಯ ಕೇಳುವ ಪುಟದಲ್ಲಿ ಹೆಸರು ಬರೆಯುವ ಕಡೆ ಒಂದು ಉದ್ಧರಣ ಚಿಹ್ನೆ, ಪಕ್ಕದಲ್ಲೇ ಎರಡು ಅಡ್ಡಗೆರೆ ಹಾಕಿದರು. ಅದರ ಮುಂದಿರುವುದನ್ನು ಓದಬೇಡ ಎಂದು ಕಂಪ್ಯೂಟರಿಗೆ ಹೇಳಿ ಏಮಾರಿಸುವ ಹಳೆಯ ಉಪಾಯ. ನಾನು ಅಕ್ಷರ ಓದುವ ಎಂಜಿನ್‌ಗೆ ಅದನ್ನೇ ಗುರುತಾಗಿ ಕೊಟ್ಟೆ. ಆ ಒಂದು ಪುಟದ ಬಾಗಿಲಿಗೆ ಮಾತ್ರ ಕೂರಿಸಬೇಕಿತ್ತು, ಎಲ್ಲ ಬಾಗಿಲಿಗೂ ಕೂರಿಸಿದೆ. ನಿನ್ನ ಬಾಣದ ಬಾಲದಲ್ಲಿ ಅದೇ ಚಿಹ್ನೆ, ಅದೇ ಗೆರೆ. ಸಾಧಾರಣ ವರದಿಗಳೆಲ್ಲ ದಾಟಿವೆ. ಜೀವ ಹೋಗುವಂಥವನ್ನು ಮಾತ್ರ ಹುಡುಕಿ ಹುಡುಕಿ ಕೊಂದಿದೆ ನನ್ನ ಯಂತ್ರ. ಉಳಿದ ಬಾಣದ ವರದಿಗಳನ್ನು ನಿಮ್ಮವರು ಫೋನಿನಲ್ಲಿ ಹೇಳಿದ್ದರಿಂದ ಆ ರೋಗಿಗಳು ಬದುಕಿದ್ದಾರೆ, ವಿಚಾರಿಸಿ ತಿಳಿದುಕೊಂಡೆ.

ದಾಖಲೆ ಯಾಕಿಲ್ಲ ಎಂಬುದು ಇನ್ನೂ ಕೆಟ್ಟದ್ದು. ಗುರುತು ಸಿಕ್ಕಾಗ ಏನು ಮಾಡಬೇಕೆಂಬುದಕ್ಕೆ ಬೇರೆ ಬೇರೆ ಚೌಕಗಳಿವೆ. ತಡೆ ಎಂಬುದು ಒಂದು, ಎಚ್ಚರಿಸು ಎಂಬುದು ಇನ್ನೊಂದು. ಹೊಸ ಗುರುತನ್ನು ಕೆಲವು ದಿನ ಬರೀ ಎಚ್ಚರಿಸಲು ಬಿಟ್ಟು, ಅಮಾಯಕರು ಸಿಕ್ಕಿಬೀಳುತ್ತಾರೋ ನೋಡಿ, ಆಮೇಲೆ ತಡೆಯಲು ಹಚ್ಚಬೇಕು. ಹೊಸಬರಿಗೆ ಪಾಠ ಹೇಳುವವಳು ನಾನೇ. ಆದರೆ ಆ ವಾರ ಎಚ್ಚರಿಕೆಗಳು ಬಂದು ಬಂದು ಕಿವಿ ತೂತು ಬಿದ್ದಿತ್ತು. ಹೇಗೂ ತಡೆಯುತ್ತದಲ್ಲ, ಕೂಗಿಕೊಳ್ಳುವುದು ಯಾಕೆ ಎಂದು ‘ತಡೆ’ಗೆ ಟಿಕ್ ಹಾಕಿ ‘ಎಚ್ಚರಿಸು’ ಅನ್ನು ಖಾಲಿ ಬಿಟ್ಟೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರೆ. ನಾನು ಕಟ್ಟಿದ್ದು ಬೊಗಳದೆ ಕಚ್ಚುವುದನ್ನು.

ಎಲ್ಲವನ್ನೂ ಬರೆದು ಸಮಿತಿಗೆ ಕೊಟ್ಟಿದ್ದೇನೆ. ಕೊಡುವ ಮೊದಲು ನಮ್ಮ ಸಾಹೇಬರು ಬಾಗಿಲು ಹಾಕಿಕೊಂಡು, “ಈಗ ಸರಿ ಮಾಡ್ಬಿಡಿ ಮೇಡಂ, ಮುಗೀತು. ದಾಖಲೇಲಿ ಇಲ್ವೇ ಇಲ್ವಲ್ಲ, ಸುಮ್ನೆ ಯಾಕೆ ಮೈಮೇಲೆ ಎಳ್ಕೊತೀರಾ?” ಎಂದರು. “ನನ್ ಮಗಳ ಮೈಮೇಲಿದೆ ಸಾರ್ ಅದು” ಎಂದೆ. ಅವರಿಗೆ ನಿನ್ನ ವಿಷಯ ಗೊತ್ತಿರಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡು ಕೂತರು.

ನಿನ್ನ ಮೇಲೂ ಕೋಪ ಬಂದಿದೆ, ಹೇಳಿಬಿಡುತ್ತೇನೆ. ಬಾಣ ಎಂದರೆ ಎರಡು ಗೆರೆ, ಒಂದು ಮೂತಿ. ಸಾಲದೇ? ಬಾಲಕ್ಕೆ ಗರಿ ಯಾಕೆ? ಬಾಣಕ್ಕೆ ಎರಡು ಗರಿ ಅಂಟಿಸುವವನನ್ನು ನಾನು ಜೀವಮಾನದಲ್ಲಿ ಒಬ್ಬನನ್ನೇ ಕಂಡಿದ್ದೇನೆ. ಬೋರ್ಡು ಬರೆಯುವ ಕಸುಬಿನವನು, ಶೌಚಾಲಯಕ್ಕೆ ದಾರಿ ತೋರಿಸುವ ಬೋರ್ಡಿಗೂ ಗರಿ ಬರೆಯುತ್ತಿದ್ದ ಆ ಮನುಷ್ಯ. ಎಲ್ಲ ಬಿಟ್ಟು ಅದನ್ನೇ ಕಲಿತೆಯಾ ನಿನ್ನನ್ನು ಹುಟ್ಟಿಸಿದವನಿಂದ?

ಆ ಪತ್ರದ ಉಳಿದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಅಮ್ಮ


ಮಾರ್ಚ್ 19

ಅಮ್ಮ,

ನನ್ನನ್ನು ವಾಪಸು ಕೆಲಸಕ್ಕೆ ಕರೆದಿದ್ದಾರೆ. ಬಡಗಿ ಸಾಧಾರಣ ವಾರ್ಡಿಗೆ ಬಂದಿದ್ದಾನೆ. ಮಂಚದ ಕಾಲು ಅಲ್ಲಾಡುತ್ತದೆ ಎಂದು ನರ್ಸುಗಳನ್ನು ಬೈಯುತ್ತಾನೆ, ಒಂದು ಉಳಿ ಕೊಟ್ಟರೆ ತಾನೇ ಸರಿ ಮಾಡುತ್ತಾನಂತೆ. ಅವನ ಹೆಂಡತಿಗೆ ನಡೆದದ್ದನ್ನು ಆಸ್ಪತ್ರೆಯ ಮುಖ್ಯಸ್ಥರೇ ತಿಳಿಸಿದರು. ಅವಳು ನನ್ನ ಹತ್ತಿರ ಬಂದು, “ಕಳಿಸಿದ್ರಂತೆ ನೀವು” ಎಂದಳು. ಅಷ್ಟೇ ಹೇಳಿ ಹೋದಳು. ಆಮೇಲೆ ನಾನು ರಕ್ತದ ಕೊಳವೆಗಳನ್ನಿಡುವ ಕೋಣೆಗೆ ಹೋಗಿ ಗೋಡೆಗೆ ಒರಗಿ ಅತ್ತೆ.

ಇಲ್ಲಿ ಎಲ್ಲರ ಬಾಯಲ್ಲೂ ನೀನೇ. ಎಂಥಾ ಪ್ರಾಮಾಣಿಕ ಹೆಂಗಸು, ತನ್ನ ತಪ್ಪನ್ನು ತಾನೇ ಹಿಡಿದು ಬರೆದುಕೊಟ್ಟಳಂತೆ, ತಾಯಿ ಎಂದರೆ ಹೀಗಿರಬೇಕು! ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿದೆ. ಯಾರೋ ಬಡಗಿಯ ವರದಿಗೆ ನಿನಗೆ ಎರಡು ವಾರ ಸಾಕಾಯಿತು. ಒಂದು ಹಾಳೆ ನೋಡಿದ್ದೇ ಮೇಜಿನ ಮೇಲಿಟ್ಟು ಪರೀಕ್ಷಿಸಿದೆ, ಸಾಹೇಬರ ಮುಖದ ಮೇಲೆ ಹೇಳಿದೆ. ನನ್ನ ಅಪ್ಪನ ವಿಷಯಕ್ಕೆ ಬಂದರೆ ‘ಉತ್ತರವಿಲ್ಲ’!

ಕ್ಷಮೆ ಕೇಳು ಎನ್ನುತ್ತಿಲ್ಲ. ನೀನು ಕೇಳಿದರೂ ಕೊಡುವಷ್ಟು ದೊಡ್ಡತನ ನನ್ನಲ್ಲಿಲ್ಲ. ನನಗೆ ಬೇಕಾದ್ದು ಒಂದೇ. ಅಪ್ಪ ಫೋನಿನಲ್ಲಿ ಏನು ಹೇಳಿದ? ಅತ್ತೆಗೆ ಗೊತ್ತಿಲ್ಲ, ಅವನು ಅವಳಿಗೆ ಹೇಳಿಲ್ಲ. ಆ ಮಾತು ಕೇಳಿದ ಕಿವಿ ಭೂಮಿಯ ಮೇಲೆ ನಿನ್ನದೊಂದೇ. ಅದು ನನಗೆ ಬಂದದ್ದು. ನಿನ್ನ ಹತ್ತಿರ ಇದೆ. ಕೊಡು.

ಅದು ಬಿಟ್ಟು ಬೇರೆ ಏನೇ ಬರೆದರೂ ಕವರ್ ಒಡೆಯುವುದಿಲ್ಲ.

ನಿನ್ನ ಮಗಳು


ಮೇ 27

ಮಗಳೇ,

ಬರೆದದ್ದೆಷ್ಟೋ, ಹರಿದದ್ದೆಷ್ಟೋ. ಬಿಡುವಿಗೆ ಬರವಿರಲಿಲ್ಲ. ಯಂತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ನಮ್ಮ ಕೋಣೆಯ ಹುಡುಗಿಗೆ ಕೊಟ್ಟಿದ್ದಾರೆ. ನನ್ನನ್ನು ಉಗ್ರಾಣದಲ್ಲಿ ಹಳೆಯ ಕೇಬಲ್ ಸುತ್ತಲು ಕೂರಿಸಿದ್ದಾರೆ. ಅವಳು ಪ್ರತಿ ಚೌಕಕ್ಕೂ ನನ್ನನ್ನು ಕೇಳಲು ಓಡಿ ಬರುತ್ತಾಳೆ. ಮೊದಲು ಎಚ್ಚರಿಕೆಗೆ ಟಿಕ್ ಹಾಕು ಎಂದು ಬೈದು ಕಳುಹಿಸುತ್ತೇನೆ.

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಿಟ್ಟಿನಲ್ಲೇ ಓದು. ಆ ಮನುಷ್ಯ ಮನೆ ಬಿಟ್ಟಾಗ ನಿನಗೆ ಜ್ವರ. ಮಾತ್ರೆ ತರುತ್ತೇನೆಂದು ಹೋದವನು ಬಣ್ಣದ ಡಬ್ಬಿ, ಕುಂಚ, ಏಣಿ ಸಮೇತ ಹೋದ. ಮಾತ್ರೆ ತರುವವನಿಗೆ ಏಣಿ ಯಾಕೆ ಎಂದು ನನಗೂ ಹೊಳೆಯಲಿಲ್ಲ ನೋಡು. ವರ್ಷಗಟ್ಟಲೆ ಸುದ್ದಿಯಿಲ್ಲ. ನೀನು ಕಿಟಕಿಯ ಸರಳು ಹಿಡಿದುಕೊಂಡು ನಿಲ್ಲುತ್ತಿದ್ದೆ, ತಟ್ಟೆ ಮುಟ್ಟುತ್ತಿರಲಿಲ್ಲ. ಅದನ್ನೆಲ್ಲ ದಾಟಿಸಿ, ನೀನು ನಗುವ ಹಾಗೆ, ಓದುವ ಹಾಗೆ ಮಾಡಲು ನಾನು ಪಟ್ಟ ಪಾಡು ನಿನ್ನ ಅತ್ತೆಗೆ ಗೊತ್ತಿಲ್ಲ. ಆಗ ಫೋನ್ ಬಂತು. ಮಾಯುತ್ತಿರುವ ಗಾಯ ಕೆರೆಯಲು ಬಂದ ಎನಿಸಿತು. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ, ಕೆಲಸ ಸಿಗಲಿ. ಆಮೇಲೆ, ಇಷ್ಟು ದಿನ ಹೇಳದೆ ಈಗ ಹೇಗೆ ಹೇಳಲಿ. ಇದಕ್ಕೆ ನೀನು ಏನೆಂದು ಹೆಸರಿಟ್ಟರೂ ನಾನು ಎದುರಾಡುವುದಿಲ್ಲ.

ಇನ್ನು ನೀನು ಕೇಳಿದ್ದು. ಒಂದು ಮಾತೂ ಮರೆತಿಲ್ಲ. ಮರೆಯಬೇಕೆಂದು ಬಹಳ ಹೆಣಗಿದ್ದೇನೆ.

ಪ್ರತಿ ಸಲವೂ “ಎಡಚಿ ಹೇಗಿದ್ದಾಳೆ?” ಎಂದೇ ಶುರು. ನಿನ್ನ ಹೆಸರು ಹಿಡಿದು ಕೇಳುತ್ತಿರಲಿಲ್ಲ. ಎಡಗೈಯಲ್ಲಿ ಬರೆಯುತ್ತೀಯ ಎಂದು ಟೀಚರು ಬೆರಳಿಗೆ ಹೊಡೆದಾಗ, ಶಾಲೆಗೇ ಹೋಗಿ ಅವರ ಎದುರು ತಾವೂ ಎಡಗೈಯಲ್ಲಿ ಬೋರ್ಡು ಬರೆದು ತೋರಿಸಿ ಬಂದವರಲ್ಲವೇ.

ಮೊದಲ ಸಲ ಹೇಳಿದ್ದು: “ದೊಡ್ಡ ಆಸ್ಪತ್ರೇದು ಕೆಲಸ ಸಿಕ್ಕಿದೆ. ಒಳಗಡೆ ಎಲ್ಲಾ ಬೋರ್ಡೂ ನಂದೇ. ಅವಳು ಲ್ಯಾಬ್ ಓದ್ತಿದ್ದಾಳಂತೆ, ತಂಗಿ ಹೇಳಿದ್ಳು. ಲ್ಯಾಬಿನ ಬೋರ್ಡ್ ಕೊನೇಗೆ ಅಂತ ಇಟ್ಕೊಂಡಿದ್ದೆ, ಇವತ್ತು ಬರ್ದೆ. ಬಾಣಕ್ಕೆ ಗರಿ ಹಾಕಿದೀನಿ, ಎರಡು. ಅವಳಿಗೆ ಹೇಳು.”

ಆಮೇಲೊಮ್ಮೆ ಏಣಿಯಿಂದ ಬಿದ್ದು ಕೈ ಮುರಿದುಕೊಂಡಿದ್ದರು. “ಬಲಗೈ ಮುರಿದಿದ್ದು, ಬಚಾವಾದೆ ಅಂತ ಹೇಳು ಅವಳಿಗೆ” ಎಂದು ನಕ್ಕರು. ನಾನು ನಗಲಿಲ್ಲ.

ಮತ್ತೊಮ್ಮೆ “ಈಗ್ಲೂ ಎಡಗೈಲೇ ಬರೀತಾಳಾ?” ಎಂದರು. ಹೂಂ ಎಂದೆ. ನಾನು ಅವರಿಗೆ ನಿನ್ನಿಂದ ಕೊಟ್ಟದ್ದು ಅದೊಂದು ಹೂಂ.

ಕೊನೆಯ ಸಲ ಕೆಮ್ಮಿನ ನಡುವೆ ಮಾತು ಸಿಗುತ್ತಿರಲಿಲ್ಲ. “ಅವಳನ್ನ ಫೋನಿಗೆ ಕರೀಬೇಡ. ನಿಂಗೆ ಇಷ್ಟ ಇಲ್ಲ, ಗೊತ್ತು. ನಾನ್ ಮಾಡಿದ್ದು ಮಾಡಿದ್ದೇ. ಅವಳು ಮಾತಾಡೋದೂ ಬೇಡ. ಅಪ್ಪ ಫೋನ್ ಮಾಡಿದ್ದ ಅಂತ ಒಂದ್ಮಾತು ತಿಳಿಸಿಬಿಡು, ಅಷ್ಟೇ” ಎಂದರು. ಹೇಳ್ತೀನಿ ಎಂದೆ. ಇಡುವಾಗ ನೀನು ಒಳಗಿನಿಂದ “ಯಾರಮ್ಮಾ?” ಎಂದು ಕೂಗಿದೆ. ಅದು ಅವರಿಗೆ ಕೇಳಿಸಿತು. ನಾನು ಫೋನ್ ಇಟ್ಟೆ.

ಯಾರಮ್ಮಾ ಎಂದು ಕೇಳಿದ್ದೆಯಲ್ಲ.

ನಿಮ್ಮಪ್ಪ ಕಣೇ. ನಿಮ್ಮಪ್ಪ ಫೋನ್ ಮಾಡಿದ್ದರು.

ಅಮ್ಮ


ಜೂನ್ 15

ಅಮ್ಮ,

ಕವರ್ ಒಡೆದೆ. ಓದಿದೆ.

ಮುಂದಿನ ರಜೆಗೆ ಆ ದೊಡ್ಡ ಆಸ್ಪತ್ರೆ ಯಾವುದೆಂದು ಅತ್ತೆಯನ್ನು ಕೇಳಿ ಹೋಗಿ ಬರುತ್ತೇನೆ. ಬೋರ್ಡು ಈಗ ಇರಲಾರದು. ಆದರೂ ಹೋಗುತ್ತೇನೆ. ನಮ್ಮ ಲ್ಯಾಬಿನ ಪ್ರೋಗ್ರಾಂಗೆ ಈಗ ಕೆಂಪು ಬಣ್ಣ ಹಾಕಿಸಿದ್ದಾರೆ, ಬಾಣ ಬೇಕಿಲ್ಲ ಎನ್ನುತ್ತಾರೆ. ನಾನು ಹಾಕುತ್ತೇನೆ. ನಿಮ್ಮ ಹುಡುಗಿಗೆ ಹೇಳಿಡು, ಬಾಣ ದಾಟಬೇಕು.

ನಿನ್ನ ಮೇಲಿನ ಕೋಪ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಆ ಕೊನೆಯ ಫೋನಿನ ಭಾಗ ಓದುವಾಗ, ನೀನು ಎದುರಿಗೆ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಇನ್ನೂ ಎಷ್ಟು ದಿನ ಹೀಗಿರುತ್ತೇನೆ ಎಂಬುದೂ ಗೊತ್ತಿಲ್ಲ. ಆದ್ದರಿಂದ ನಿನ್ನ ನಂಬರಿನ ಬ್ಲಾಕ್ ತೆಗೆದಿಲ್ಲ. ತೆಗೆಯುತ್ತೇನೆಂದು ಕಾಯಬೇಡ.

ಬ್ಲಾಕ್ ಆದ ನಂಬರಿನಿಂದ ಕರೆ ಬಂದರೆ ನನಗೆ ತಿಳಿಸಲೇಬಾರದು ಎಂದು ಫೋನಿನಲ್ಲಿ ಇಟ್ಟಿದ್ದೆ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ. ಅದನ್ನು ಮಾತ್ರ ಇವತ್ತು ಬದಲಾಯಿಸಿದೆ. ಇನ್ನು ಮೇಲೆ ನೀನು ಮಾಡಿದರೆ ಗಂಟೆ ಹೊಡೆಯುವುದಿಲ್ಲ, ನಾನು ಎತ್ತುವುದೂ ಇಲ್ಲ. ಆದರೆ ಅಮ್ಮ ಫೋನ್ ಮಾಡಿದ್ದಳು ಎಂದು ತೋರಿಸುತ್ತದೆ.

ಮಾಡುತ್ತಿರು.

ಎಡಚಿ